ಗೆಳೆಯನಿಗೊಂದು ಪತ್ರ: 'ಅಂತೆ' ಬಿದ್ದುಹೋದ ಮೇಲೆ

ಮೈಸೂರು, ಭಾನುವಾರ ರಾತ್ರಿ

ಲೋ ಹಾಫ್ ಟಿಕೆಟ್,

ಪತ್ರ ಅಂತ ಬರೆದು ಫೇಸ್‌ಬುಕ್ ಗೋಡೆಗೆ ಅಂಟಿಸ್ತಿದ್ದೀನಿ, ಬೈಬೇಡ. ವಾಟ್ಸಾಪಲ್ಲಿ ಕಳಿಸಿದ್ರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತೀಯ. ನಾಲ್ಕು ಜನ ನೋಡ್ತಾರೆ ಅಂದ್ರೆ ಮಾತ್ರ ನಿನಗೆ ಉತ್ತರ ಬರೆಯೋ ಉಮೇದು ಬರೋದು. ಸೈಕಲ್ಲಿನ ವಿಷಯ ನಾನು ಎತ್ತಲ್ಲ, ಆಣೆ. ನೀನೂ ಎತ್ತಬೇಡ, ನನ್ನ ವಿದ್ಯಾರ್ಥಿಗಳು ಇಲ್ಲಿ ಓದ್ತಾರೆ.

ಹೋದ ವಾರ ಪೂರ್ತಿ ನಮ್ಮ ಬಿ.ಎ. ಮಕ್ಕಳಿಗೆ ರಿವಿಷನ್. ಫಿಗರ್ಸ್ ಆಫ್ ಸ್ಪೀಚು, ಜೊತೆಗೆ ಒಂದಿಷ್ಟು ಗಾಥಿಕ್ ಕಥೆಗಳು. ಪಾಳುಬಿದ್ದ ಬಂಗ್ಲೆ, ಮೇಣದಬತ್ತಿ, ಗೋಡೆಯೊಳಗೆ ಹೆಣ, ಅಂಥ ಸರಕು. ಸಿಮಿಲಿ, ಮೆಟಫರ್ ಅಂದ್ರೆ ಕಣ್ಣು ಕಣ್ಣು ಬಿಡ್ತಾರೆ. ಅದನ್ನೇ ಉಪಮೆ, ರೂಪಕ ಅಂತ ಕನ್ನಡದಲ್ಲಿ ಕೇಳು, ಹೈಸ್ಕೂಲಿನದನ್ನ ಪಟಪಟ ಒಪ್ಪಿಸ್ತಾರೆ. 'ಸೀತೆಯ ಮುಖ ಕಮಲದಂತೆ ಅರಳಿತು' ಅನ್ನೋದ್ರಲ್ಲಿ ಸೀತೆಯ ಮುಖ ಉಪಮೇಯ, ಕಮಲ ಉಪಮಾನ, 'ಅಂತೆ' ಉಪಮಾವಾಚಕ, ಅರಳೋದು ಸಮಾನಧರ್ಮ. ಪಾಪ ಸೀತೆ, ನಮ್ಮ ಕಾಲದಿಂದ ಅರಳ್ತಾನೇ ಇದ್ದಾಳೆ. ಅಂದಹಾಗೆ, ನೀನು ವಿ.ಸಿ. ನಾಲೇಲಿ ಹಿಡಿದ ಮೀನನ್ನ ಇಷ್ಟು ವರ್ಷ ಉತ್ಪ್ರೇಕ್ಷೆ ಅಂತಿದ್ದೆ. ತಪ್ಪಾಯ್ತು. ಉತ್ಪ್ರೇಕ್ಷೆ ಅಂದ್ರೆ ಒಂದನ್ನ ಇನ್ನೊಂದು ಅಂತ ಕಲ್ಪಿಸಿಕೊಳ್ಳೋದು, ಅದಕ್ಕೆ ಕವಿ ಬೇಕು. ನಿನ್ನದು ಬರೀ ಅತಿಶಯೋಕ್ತಿ.

ಮೊದಲು ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ 'ದ ಟೆಲ್-ಟೇಲ್ ಹಾರ್ಟ್' ತಗೊಂಡೆ. ಮುದುಕನನ್ನ ಕೊಂದು, ಕಡಿದು, ನೆಲದ ಹಲಗೆ ಕೆಳಗೆ ಬಚ್ಚಿಟ್ಟವನೇ ಕಥೆ ಹೇಳೋನು. ಮುದುಕನ ಎದೆಬಡಿತ ಅವನ ಕಿವಿಗೆ ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದ ಸದ್ದಿನಂತೆ ಕೇಳುತ್ತೆ. ಕೊಲೆ ಮುಗಿದು, ಪೊಲೀಸರು ಬಂದು ಕೂತಾಗಲೂ ಅದೇ ಹತ್ತಿ, ಅದೇ ಗಡಿಯಾರ. ಆದರೆ ಕೊನೇ ಸಾಲು ನೋಡು. ಹತ್ತಿ ಇಲ್ಲ, ಗಡಿಯಾರ ಇಲ್ಲ, 'ಅಂತೆ'ಯೂ ಇಲ್ಲ. ಹಲಗೆ ಕೀಳ್ರಿ, ಇಲ್ಲೇ, ಅದು ಅವನ ಎದೆ ಬಡ್ಕೊಳ್ತಿರೋದು ಅಂತ ಕಿರುಚಿಬಿಡ್ತಾನೆ.

ಬೋರ್ಡಿನ ಮೇಲೆ ದೊಡ್ಡದಾಗಿ 'ಅಂತೆ' ಅಂತ ಬರೆದು ಡಸ್ಟರಲ್ಲಿ ಒರೆಸಿದೆ. 'ಅಂತೆ' ಹೋದರೆ ರೂಪಕ, ಆ ರೂಪಕವನ್ನ ಹೇಳೋನೇ ನಂಬಿಬಿಟ್ರೆ ಗಾಥಿಕ್ ಅಂದೆ. ಅಂದಮೇಲೆ ನನಗೇ ಭಲೇ ಅನ್ನಿಸಿ, ದೊಡ್ಡ ವಿಮರ್ಶಕನ ಥರ ಕಿಟಕಿ ಕಡೆ ತಿರುಗಿ ನಿಂತೆ. ಅಷ್ಟರಲ್ಲಿ ಹಿಂದಿನ ಬೆಂಚಿಂದ ಪಾಂಡವಪುರದ ಕಡೆಯ ಹುಡುಗನೊಬ್ಬ, "ಸಾರ್, ನಮ್ಮೂರ್ ದೆವ್ವದ್ ಕತೇಲೂ 'ಅಂತೆ' ಬತ್ತದಲ್ಲ ಸಾರ್?" ಅಂದ. ಹುಣಸೆಮರದಲ್ಲಿ ಐತಂತೆ, ಬಿಳೀ ಸೀರೆ ಉಟ್ಟಿತ್ತಂತೆ. ನನ್ನ ಪಾಠಕ್ಕಿಂತ ಅವನ ಪ್ರಶ್ನೆ ದೊಡ್ಡದು ಕಣೋ. ಆ 'ಅಂತೆ'ಯೊಳಗೆ ತಪ್ಪಿಸಿಕೊಳ್ಳೋಕೆ ಹಿತ್ತಿಲ ಬಾಗಿಲಿದೆ. ನಾನ್ ನೋಡಿಲ್ಲಪ್ಪ, ಯಾರೋ ಅಂದಿದ್ದು. ನಿಮ್ಮಜ್ಜಿ ಎಲ್ಲದಕ್ಕೂ 'ಅಂತೆ' ಸೇರಿಸ್ತಿದ್ದದ್ದರಿಂದಲೇ ನಾವಿಬ್ರೂ ನಿದ್ದೆ ಮಾಡ್ತಿದ್ದದ್ದು. (ನೀನು ಮಾಡ್ತಿದ್ದೆ.)

ಗುರುವಾರ 'ದ ಯೆಲ್ಲೋ ವಾಲ್‌ಪೇಪರ್'. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದದ್ದು, 1892ರದು. ಬಾಣಂತಿ ಹೆಂಡತಿಗೆ ಮನಸ್ಸು ಸರಿಯಿಲ್ಲ ಅಂತ ಡಾಕ್ಟರ್ ಗಂಡ ಜಾನ್ ಅವಳನ್ನ ಬಾಡಿಗೆ ಬಂಗ್ಲೆಯೊಂದಕ್ಕೆ ಕರ್ಕೊಂಡು ಬರ್ತಾನೆ. ಕೆಳಗಡೆ, ಕಿಟಕಿ ತುಂಬ ಗುಲಾಬಿ ಹಬ್ಬಿದ ಕೋಣೆ ಬೇಕು ಅಂತಾಳೆ. ಕಿವಿಗೇ ಹಾಕ್ಕೊಳ್ಳಲ್ಲ. ಮಹಡಿ ಮೇಲೆ, ಕಿಟಕಿಗೆ ಸರಳು ಹಾಕಿದ ಕೋಣೆ. ಬರೀಬೇಡ, ಯೋಚಿಸಬೇಡ, ರೆಸ್ಟ್ ತಗೋ. ಅವಳು ಗೋಡೆಗೆ ಅಂಟಿಸಿದ ಹಳದಿ ಕಾಗದ ನೋಡ್ತಾ ಕೂರ್ತಾಳೆ. ಮೊದಮೊದಲು ಅದರ ಚಿತ್ತಾರ ಮುರಿದ ಕತ್ತಿನಂತೆ ಜೋತುಬಿದ್ದಿರುತ್ತೆ. ಆಮೇಲೆ ರಾತ್ರಿ ಹೊತ್ತು ಅದು ಸರಳೇ ಆಗುತ್ತೆ, ಸರಳಿನ ಹಿಂದೆ ಒಬ್ಬ ಹೆಂಗಸು. ಇಲ್ಲೂ 'ಅಂತೆ' ಬಿತ್ತು ನೋಡಿ ಅಂತ ಮತ್ತೆ ಡಸ್ಟರ್ ಎತ್ತಿದೆ.

ಇದು ಪೂರಾ ಕಟ್ಟುಕಥೆಯಲ್ಲ. 1887ರಲ್ಲಿ ಫಿಲಡೆಲ್ಫಿಯಾದ ವೀರ್ ಮಿಚೆಲ್ ಅನ್ನೋ ಹೆಸರುವಾಸಿ ಡಾಕ್ಟರು ಗಿಲ್ಮನ್‌ಗೇ ಈ 'ರೆಸ್ಟ್ ಕ್ಯೂರ್' ಕೊಟ್ಟು, ಬದುಕಿರೋ ತನಕ ಪೆನ್ನು, ಕುಂಚ, ಪೆನ್ಸಿಲು ಮುಟ್ಟಬೇಡ ಅಂತ ಹೇಳಿ ಕಳಿಸಿದ್ದ. ಮೂರು ತಿಂಗಳು ಪಾಲಿಸಿ, ಹುಚ್ಚು ಹಿಡಿಯೋ ಅಂಚಿಗೆ ಬಂದು, ಬಿಟ್ಟು ಬರೆಯೋಕೆ ಕೂತಳು. ಕಥೆಯ ಒಂದು ಪ್ರತಿ ಅವನಿಗೂ ಕಳಿಸಿದಳು. ಅವನ ಉತ್ತರ ಬರಲೇ ಇಲ್ಲ. ನಿನ್ನ ಸಂತತಿ.

ಎರಡನೇ ಬೆಂಚಿನ ಹುಡುಗಿ, "ಜಾನ್ ಕೆಟ್ಟೋನಾ ಸಾರ್?" ಅಂದಳು. ಕೆಟ್ಟೋನಾಗಿದ್ರೆ ಕಥೆಗೆ ಭಯವೇ ಇರ್ತಿರ್ಲಿಲ್ಲಮ್ಮ, ಅವನು ಪ್ರೀತಿಯಿಂದ್ಲೇ ಮಾಡ್ತಾನೆ ಅಂದೆ. ಬೆಲ್ ಹೊಡೀತು.

ಮನೆಗೆ ಬಂದೆ. ಬೀಗ ತೆಗೆದೆ.

ಈ ಬೀಗದ ವಿಷಯ ನಿನಗೆ ಹೇಳಿರಲಿಲ್ಲ. ಅವ್ವನ್ನ ಹೋದ ವರ್ಷ ಕರ್ಕೊಂಡು ಬಂದ್ವಲ್ಲ, ಹಿತ್ತಿಲಲ್ಲಿ ಜಾರಿಬಿದ್ದು ಕೈ ಮುರ್ಕೊಂಡ ಮೇಲೆ? "ಕೆಳ್ಗಡೆ ಮನೆ ಸಿಗ್ನಿಲ್ವಾ ಮಗ?" ಅಂದಳು. ನಾನೂ ಕಿವಿಗೆ ಹಾಕ್ಕೊಳ್ಳಲಿಲ್ಲ, ಮೂರನೇ ಮಹಡೀಲಿ ಗಾಳಿ ಚೆನ್ನಾಗಿದೆ ಅಂದೆ. ಒಂದು ಸಲ ಒಬ್ಬಳೇ ಇಳಿದು ಹೋಗಿ, ದಾರಿ ತಪ್ಪಿ, ರಿಂಗ್ ರೋಡಲ್ಲಿ ಸಿಕ್ಕಿದ್ಲು. ಅವತ್ತಿಂದ ನಾವಿಬ್ರೂ ಕೆಲಸಕ್ಕೆ ಹೋಗುವಾಗ ಹೊರಗಿಂದ ಬೀಗ. ಅವಳ ಒಳ್ಳೇದಕ್ಕೇ. ಸೊಪ್ಪು ಬಿಡಿಸ್ತೀನಿ ಅಂದ್ರೆ ಬೇಡ ಅವ್ವ, ಪಾತ್ರೆ ತೊಳೀತೀನಿ ಅಂದ್ರೆ ಬೇಡ ಅವ್ವ. ಎಪ್ಪತ್ತು ದಾಟೋ ತನಕ ಎಮ್ಮೆ ಕರೆದವಳಿಗೆ ಟಿವಿ ರಿಮೋಟು ಕೊಟ್ಟು ಕೂರಿಸಿದ್ದೀನಿ.

ಗುರುವಾರ ಬಾಗಿಲು ತೆಗೆದಾಗ ಬಾಲ್ಕನಿ ಗ್ರಿಲ್ಲಿನ ಹತ್ರ ಕೂತಿದ್ದಳು. ಕೈ ನೋಡಿದೆ. ಹೆಬ್ಬೆರಳು, ತೋರುಬೆರಳು, ಎರಡರ ಉಗುರು ಸಂದೀಲೂ ಹಸಿರು ಬಣ್ಣದ ಪುಡಿ. ಸೀರೆ ಮಡಿಲಲ್ಲೂ ಚೂರು. ಗ್ರಿಲ್ಲಿನ ಒಂದು ಹೂವಿನ ಎಸಳು ಪೂರ್ತಿ ಬೋಳಾಗಿ ಕಬ್ಬಿಣ ಕಾಣ್ತಿತ್ತು. ಆ ಕಥೇಲಿ ಕೋಣೆ ಬಿಟ್ಟು ಬಂದವರ ಬಟ್ಟೆಗೆಲ್ಲ ಹಳದಿ ಕಲೆ ಮೆತ್ತಿರುತ್ತೆ ಕಣೋ, ಎರಡು ಗಂಟೆ ಮುಂಚೆ ಅದೇ ಸಾಲು ಓದಿ ಬಂದಿದ್ದೆ. ಬೆನ್ನಲ್ಲಿ ಬೆವರು. "ಏನವ್ವ ಇದು?" ಅಂದೆ. "ತುಕ್ ಇಡ್ದದೆ ಕನ್ ಮಗ, ಬಣ್ಣ ಬಳ್ಸ್‌ಬಾರ್ದಾ?" ಅಂದಳು. ನಕ್ಕುಬಿಟ್ಟೆ. ಇಂಗ್ಲಿಷ್ ಮೇಷ್ಟ್ರಾದ್ರೆ ತುಕ್ಕಲ್ಲೂ ಸಿಂಬಲ್ ಕಾಣುತ್ತೆ.

ರಾತ್ರಿ ಮುದ್ದೆ ಮುರೀತಾ, ಇನ್ನೊಂದ್ ಸೌಟು ಸಾರು ಹಾಕು ಅನ್ನೋ ಧ್ವನೀಲೇ ಕೇಳಿದಳು: "ಯಾವಾಗ ಬುಟ್ಬುಡ್ತೀಯ ಮಗ ನನ್ನ?"

ಬಂದಾಗಿಂದ ಅವಳು ಅಂತಿದ್ದದ್ದು "ಜೈಲಲ್ ಇದ್ದಂಗ್ ಅದೆ" ಅಂತ. ಅದಕ್ಕೆ ನಗ್ತಿದ್ವಿ, ಅವಳೂ ನಗ್ತಿದ್ದಳು. ಆ 'ಅಂಗೆ' ಎಲ್ಲಿ ಹೋಯ್ತು ಅಂತ ತಟ್ಟೆ ಮುಂದೆ ಕೂತು ಹುಡುಕಿದೆ. ವಾರವೆಲ್ಲ ಬೋರ್ಡ್ ಮೇಲೆ ಒರೆಸಿ ತೋರಿಸಿದವನಿಗೆ ಮನೇಲಿ ಒರೆಸಿದ್ದು ಗೊತ್ತೇ ಆಗಿಲ್ಲ. ಏನು ಉತ್ತರ ಕೊಟ್ಟೆ ಗೊತ್ತಾ? "ರೆಸ್ಟ್ ತಗೋ ಅವ್ವ" ಅಂದೆ.

ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ. ನಿನ್ನ ಮೀನಿನ ಮಾನ ಕಳೆದು ಮುಗಿಸೋಣ ಅಂತಿದ್ದೆ. ಓದುಗ ಮಹಾಶಯರೇ, ದಯವಿಟ್ಟು ಅಳೋ ಮುಖದ ಇಮೋಜಿ ಹಾಕಬೇಡಿ. ಕಥೆಯ ಕೊನೇಲಿ ಜಾನ್ ಮೂರ್ಛೆ ಬೀಳ್ತಾನೆ. ನನ್ನ ತೂಕಕ್ಕೆ ನಾನು ಬಿದ್ರೆ ಎರಡನೇ ಮಹಡಿಯವರು ಓನರ್‌ಗೆ ಕಂಪ್ಲೇಂಟ್ ಕೊಡ್ತಾರೆ.

ನಾಳೆ ಸೋಮವಾರ, ಎಂಟೂವರೆಗೆ ಬೀಗ ಹಾಕಲೇಬೇಕು, ಬೇರೆ ದಾರಿ ಇನ್ನೂ ಹೊಳೆದಿಲ್ಲ. ಶನಿವಾರ ಅವ್ವನ್ನ ಕರ್ಕೊಂಡು ಊರಿಗೆ ಬರ್ತೀನಿ. ನಮ್ಮನೆ ಬೀಗದ ಕೈ ನಿನ್ನ ಹತ್ರಾನೇ ಇದೆಯಲ್ಲ, ಜಗುಲಿ ಗುಡಿಸಿಸು, ಗೆದ್ದಲು ಎಲ್ಲಿ ತನಕ ಹತ್ತಿದೆ ನೋಡು. ನಿಮ್ಮ ಎಮ್ಮೆ ಕರು ಹಾಕ್ತಾ ಅಂತ ದಿನಾ ಕೇಳ್ತಾಳೆ. ಮೀನು ಎಷ್ಟುದ್ದ ಇತ್ತು ಅಂತಲೂ ಕೇಳ್ತಾಳೆ. ಕೈ ಹಿಂದಕ್ಕೆ ಕಟ್ಕೊಂಡು ಹೇಳು.

ನಿನ್ನ,
ಬೆಲ್ಲದ ಮೇಷ್ಟ್ರು