ಕಾಫಿ ಲೋಟದ ಹಾಲು ಮೂಳೆಗೆ ಎಷ್ಟು ಮುಟ್ಟುತ್ತದೆ?

ಮಾನ್ಯ ಸಂಪಾದಕರೇ,

ಹಾಲು ಕುಡಿದರೆ ರಕ್ತ ಆಮ್ಲವಾಗುತ್ತದೆ, ಅದನ್ನು ಸರಿದೂಗಿಸಲು ದೇಹ ಮೂಳೆಯ ಸುಣ್ಣವನ್ನೇ (ಕ್ಯಾಲ್ಸಿಯಂ) ಕರಗಿಸುತ್ತದೆ ಎನ್ನುವ ವಾಟ್ಸ್ಆ್ಯಪ್ ವಿದ್ಯೆ ಮಲೆನಾಡಿನ ಅಡುಗೆಮನೆಗಳಿಗೂ ಬಂದಿದೆ. ರಕ್ತದ ಆಮ್ಲೀಯತೆಯನ್ನು ಶ್ವಾಸಕೋಶ, ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ. ಒಂದೆರಡು ಲೋಟ ಹಾಲಿಗೆ ಅದು ಅಲುಗುವುದಿಲ್ಲ. ಪ್ರೋಟೀನ್ ಹೆಚ್ಚಾದಾಗ ಮೂತ್ರದಲ್ಲಿ ಕ್ಯಾಲ್ಸಿಯಂ ತುಸು ಏರುವುದು ನಿಜ. ಆದರೆ ಅದರ ಬಹುಪಾಲು ಕರುಳು ಊಟದಿಂದ ಹೆಚ್ಚು ಹೀರಿಕೊಂಡದ್ದೇ. 2014ರ ಸ್ವೀಡನ್ ಅಧ್ಯಯನವನ್ನು ಹಲವರು ಎತ್ತಿ ತೋರಿಸುತ್ತಾರೆ. ದಿನಕ್ಕೆ 3 ಲೋಟ, ಅದಕ್ಕೂ ಹೆಚ್ಚು ಕುಡಿಯುವ ಹೆಂಗಸರಲ್ಲಿ ಮೂಳೆಮುರಿತ ಹೆಚ್ಚು ಕಂಡಿತ್ತು. ಅದೇ ಅಧ್ಯಯನದಲ್ಲಿ ಮೊಸರು, ಚೀಸ್ ತಿನ್ನುವವರಲ್ಲಿ ಮುರಿತ ಕಡಿಮೆಯಿತ್ತು ಎಂಬುದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮೂಳೆ ಸವೆದಿದೆ ಎಂದು ಗೊತ್ತಾದ ಮೇಲೆ ಹಾಲು ಹೆಚ್ಚಿಸಿಕೊಂಡವರೂ ಆ ಲೆಕ್ಕದಲ್ಲಿ ಸೇರಿರಬಹುದು.

ನಮ್ಮ ಕಡೆಯ ತೊಂದರೆ ಬೇರೆ. ಕುಡಿದೆವೆಂದು ಲೆಕ್ಕ ಹಿಡಿದ ಹಾಲು ಲೋಟದಲ್ಲಿ ಇರುವುದೇ ಇಲ್ಲ. ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ., ಮುಟ್ಟು ನಿಂತ ಹೆಂಗಸರಿಗೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 100 ಮಿ.ಲೀ. ಹಾಲಿನಲ್ಲಿರುವುದು ಸುಮಾರು 120 ಮಿ.ಗ್ರಾಂ. ಗಟ್ಟಿ ಡಿಕಾಕ್ಷನ್ನಿನ ಅರ್ಧ ಲೋಟ ಕಾಫಿಗೆ ಬೀಳುವ ಹಾಲು 50 ಮಿ.ಲೀ. ಅಂದರೆ ದಿನಕ್ಕೆ ಮೂರು ಕಾಫಿ ಕುಡಿದರೂ 180 ಮಿ.ಗ್ರಾಂ. ಊಟದ ಕೊನೆಯ ನೀರು ಮಜ್ಜಿಗೆಯಲ್ಲಿ ಒಂದು ಸೌಟು ಮೊಸರಿದ್ದರೆ ಹೆಚ್ಚು, ಇನ್ನೊಂದು 60 ಬರಬಹುದು. ಬಯಲುಸೀಮೆಯವರ ಮುದ್ದೆಯ ಅನುಕೂಲ ಅನ್ನ ಉಣ್ಣುವ ನಮಗಿಲ್ಲ: 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ. ಮೀರಿ ಕ್ಯಾಲ್ಸಿಯಂ ಇದ್ದರೆ, ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿದರೆ ಆ ಹಿಡಿತ ಸಡಿಲವಾಗುತ್ತದೆ. ಪತ್ರೊಡೆಯ ಕೆಸುವಿನೆಲೆಗೆ ಕ್ಯಾಲ್ಸಿಯಂ ಅನ್ನು ಹೀಗೆಯೇ ಹಿಡಿದಿಡುವ ಆಕ್ಸಲೇಟಿನ ಕಾಟ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನುಗ್ಗೆಸೊಪ್ಪು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಆಗಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು, ಗಟ್ಟಿ ಮಜ್ಜಿಗೆಯ ತಂಬುಳಿ ಸಾಕು. ಕೆನೆ ತೆಗೆದರೆ ಕ್ಯಾಲ್ಸಿಯಂ ಹೋಗುವುದಿಲ್ಲ. (ಕವಳದ ಸುಣ್ಣದಿಂದ ಮೂಳೆ ಗಟ್ಟಿ ಎನ್ನುವವರಿದ್ದಾರೆ. ಜತೆಗೆ ಹೋಗುವ ಅಡಿಕೆ, ತಂಬಾಕು ಬಾಯಿಗೆ ಮಾಡುವುದನ್ನು ಅಡಿಕೆ ಸೀಮೆಯಲ್ಲಿ ಹೇಳಿದರೆ ಯಾರಿಗೂ ಹಿಡಿಸದು.)

ಇಷ್ಟು ಹೊಂದಿಸಿದರೂ ವಿಟಮಿನ್ ಡಿ ಇಲ್ಲದಿದ್ದರೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳದು. ಚರ್ಮ ಆ ಡಿಯನ್ನು ತಯಾರಿಸುವುದು ಬಿಸಿಲಿನಿಂದ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಕಡೆ ಬಿಸಿಲೇ ಅಪರೂಪ. ಡಿ ಸೇರಿಸಿದ ಪ್ಯಾಕೆಟ್ ಹಾಲಿನಲ್ಲೂ ಲೀಟರಿಗೆ 200ರಿಂದ 300 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಮಾತ್ರ; ದಿನಕ್ಕೆ ಬೇಕಾದದ್ದು 600. ಹಾಗಾಗಿ ಹೊಳವಾದ ದಿನ ಹತ್ತು ಗಂಟೆಯಿಂದ ಮೂರರೊಳಗೆ ಕೈಕಾಲಿಗೆ ಅರ್ಧ ಗಂಟೆ ಬಿಸಿಲು ಬೀಳಲಿ. ವೈದ್ಯರು ವಾರಕ್ಕೊಂದರಂತೆ ಬರೆದುಕೊಟ್ಟ 60,000 ಐಯು ಪುಡಿಯನ್ನು ದಿನಕ್ಕೊಂದರಂತೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಂಪರು, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಹಾಲು, ಕಾಫಿ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜತೆ ತೆಗೆದುಕೊಳ್ಳಬಾರದು, ಕಬ್ಬಿಣ ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ನಾಲ್ಕು ಗಂಟೆ ಬೇಕು.

ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನು ಇದರೊಂದಿಗೆ ಬೆರೆಸುವುದೂ ತಪ್ಪು. ಅದು ವಂಶವಾಹಿಯಲ್ಲಿ ಬರುವ ಕೀಲುಮೂಳೆಯ ದೋಷ. ಹಾಲು ಕುಡಿಸಿ ವಾಸಿಮಾಡುವಂಥದ್ದಲ್ಲ, ಹಾಲು ಬಿಡಿಸಿ ತಡೆಯುವಂಥದ್ದೂ ಅಲ್ಲ.

ಇನ್ನು ಸೊಂಟ ಮುರಿಯುವುದು ಬಿದ್ದಾಗ. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ, ದಬ್ಬೆ ಹಾಸಿ ಅದರ ಮೇಲೆ ನಡೆಯುತ್ತಿದ್ದ ಮನೆಗಳು ಈಗ ಸಿಮೆಂಟು, ನಯವಾದ ಟೈಲ್ಸ್ ಹಾಕಿಸಿವೆ. ಅದರ ಮೇಲೆ ಹಾವಸೆ ಕಟ್ಟಿದರೆ ಹಗಲಲ್ಲೂ ಕಣ್ಣಿಗೆ ಬೀಳದು. ಬಚ್ಚಲಿನ ಗೋಡೆಗೆ ಒಂದು ಹಿಡಿಕಂಬಿ ಹಾಕಿಸಿ, ಜುಲೈಗೆ ಮೊದಲೇ ಬ್ಲೀಚಿಂಗ್ ಪುಡಿ ಹಾಕಿ ಅಂಗಳ ತಿಕ್ಕಿಸಿ, ಹಿತ್ತಿಲ ಬಾಗಿಲಿಗೊಂದು ದೀಪ ಹಾಕಿಸಿ.

— ಓರ್ವ ಆಹಾರ ತಜ್ಞೆ, ತೀರ್ಥಹಳ್ಳಿ