ಹೆಸರು ಹೇಳಿಕೊಟ್ಟವರಿಗೆ

ಫೋಟೋ ಪ್ರದರ್ಶನ ಮೊನ್ನೆ ಭಾನುವಾರ ಸಂಜೆ ಮುಗಿಯಿತು. ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಶಾಲೆಯ ಹಾಲ್‌ನಲ್ಲಿ, ಎರಡೇ ದಿನ. ನಮ್ಮ ಸುತ್ತಮುತ್ತಲಿನ ಕವಿಗೋಷ್ಠಿಗಳಲ್ಲಿ, ಪುಸ್ತಕ ಬಿಡುಗಡೆಗಳಲ್ಲಿ ನಾನು ತೆಗೆದ ಚಿತ್ರಗಳು, ಜೊತೆಗೆ ಹಿರಿಯರ ಪೆಟ್ಟಿಗೆಗಳಿಂದ ಬಂದ ಒಂದಿಷ್ಟು ಹಳೆಯವು. ಬಂದವರು ಚಿತ್ರ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಅದರ ಕೆಳಗೆ ಅಂಟಿಸಿದ ಹೆಸರಿನ ಮುಂದೆ ನಿಂತಿದ್ದರು. "ಓ, ಇವರಾ!" ಅಂತ ಒಬ್ಬರು ಹೇಳಿದರೆ, ಪಕ್ಕದವರು ಆ ಕವಿಯ ಸಾಲನ್ನೇ ಹೇಳುತ್ತಿದ್ದರು. ಚಿತ್ರ ನನ್ನದಿರಬಹುದು. ಆ ಹೆಸರುಗಳನ್ನೆಲ್ಲ ಕೊಟ್ಟವರು ನೀವು. ಕೊನೆಯಲ್ಲಿ ಧನ್ಯವಾದ ಹೇಳು ಅಂತ ಮೈಕ್ ಕೊಟ್ಟಾಗ ಗಂಟಲು ಕಟ್ಟಿ ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಇದರಲ್ಲೇ ಹೊಟ್ಟೆಪಾಡು. ಸಾಹಿತ್ಯದ ಕಾರ್ಯಕ್ರಮಕ್ಕೆ ನನ್ನನ್ನು ಮೊದಲು ಕರೆದದ್ದು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಷ್ಟ್ರು. "ಮಗಳೇ, ನಾವು ನಾಲ್ಕು ಜನ ಕೂತು ಕವನ ಓದುತ್ತೇವೆ. ಅದರ ಒಂದು ಫೋಟೋ ಸಹ ಯಾರ ಹತ್ತಿರವೂ ಇಲ್ಲ. ನೀನು ಬಾ" ಅಂದರು. ಹೋದೆ. ಆಮೇಲೆ ಹೋಗದೆ ಇರಲು ಆಗಲಿಲ್ಲ. ಮಾಷ್ಟ್ರೇ, ಮೊದಲ ನಮಸ್ಕಾರ ನಿಮಗೆ.

ನಮ್ಮ ಕಡೆಯ ಕವಿಗೋಷ್ಠಿ ನೋಡದವರಿಗೆ ಸ್ವಲ್ಪ ಹೇಳಬೇಕು. ಒಮ್ಮೆ ಗ್ರಂಥಾಲಯದ ಮಾಳಿಗೆ, ಇನ್ನೊಮ್ಮೆ ಯಾರದೋ ಮನೆಯ ಅಡಕೆ ಅಂಗಳದಲ್ಲಿ ಚಪ್ಪರ, ಮತ್ತೊಮ್ಮೆ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ ಗಿಳಿವಿಂಡು. ಒಬ್ಬರು ಕನ್ನಡದಲ್ಲಿ ಓದಿ ಕೂರುತ್ತಾರೆ, ಮುಂದಿನವರು ತುಳುವಿನಲ್ಲಿ ಓದುತ್ತಾರೆ. ಹವ್ಯಕ ಭಾಷೆಯ ಕವನ ಬರುತ್ತದೆ, ಮಲಯಾಳದ್ದು ಬರುತ್ತದೆ, ಬ್ಯಾರಿ, ಕೊಂಕಣಿಯದ್ದೂ ಬರುತ್ತದೆ. ಯಾರೂ ಅನುವಾದ ಕೇಳುವುದಿಲ್ಲ. ಕಾಸರಗೋಡು ಸಪ್ತಭಾಷೆಗಳ ನಾಡು ಅಂತ ಭಾಷಣಗಳಲ್ಲಿ ಹೇಳುತ್ತೇವಲ್ಲ, ಅದು ನನಗೆ ನಿಜವಾಗಿ ಕಂಡದ್ದು ಇಂಥ ಸಭೆಗಳಲ್ಲಿ. ನಡುವೆ ಸಜ್ಜಿಗೆ ಅವಲಕ್ಕಿ, ಚಾಯ. ಕೊನೆಯ ಬಸ್ಸಿನ ಹೊತ್ತಾದರೆ ಅಧ್ಯಕ್ಷರ ಭಾಷಣವೂ ಬೇಗ ಮುಗಿಯುತ್ತದೆ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದಕ್ಕೆ ಮೊದಲು ಮದ್ರಾಸಿನವರಾಗಿದ್ದೆವು. 1949ರಲ್ಲಿ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಅಂತ ಗೌರವ ಕೊಟ್ಟದ್ದೂ ಮದ್ರಾಸ್ ಸರಕಾರವೇ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಮಾಷ್ಟ್ರಾಗಿದ್ದುಕೊಂಡು, ಕವನ ಬರೆದುಕೊಂಡು, ಈ ಊರು ಕನ್ನಡ ನಾಡಿಗೆ ಸೇರಬೇಕು ಅಂತ ಹೋರಾಡಿದರು. 2015ರಲ್ಲಿ ನೂರು ವರ್ಷ ತುಂಬಿದ ಮೇಲೆ ತೀರಿಹೋದರು. ಅವರ ಕವನ ಬಾಯಿಪಾಠ ಹೇಳುವ ಅಜ್ಜಂದಿರು ಈಗಲೂ ನಮ್ಮ ಸಭೆಗಳಿಗೆ ಬರುತ್ತಾರೆ. ಇಂಥ ಕಡೆ ಪ್ಲಸ್ ಟು ಓದುವ ಹುಡುಗಿ ಎದ್ದು ನಿಂತು, ತಾನೇ ಕನ್ನಡದಲ್ಲಿ ಬರೆದದ್ದನ್ನು ಓದುವುದು ಸಣ್ಣ ಸಂಗತಿ ಅಲ್ಲ. ಅದರದ್ದೊಂದು ಒಳ್ಳೆ ಚಿತ್ರ ಇರಲೇಬೇಕು.

ಓದುವವರ ಚಿತ್ರ ತೆಗೆಯುವುದು ಮದುವೆಯ ಫೋಟೋ ತೆಗೆದ ಹಾಗಲ್ಲ. ಮದುವೆಯಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ಇಲ್ಲಿ ಕವಿ ಕಾಗದ ನೋಡುತ್ತಾರೆ, ಮೈಕ್ ಬಾಯಿಗೆ ಅಡ್ಡ ಇರುತ್ತದೆ, ಹಿಂದೆ ದೊಡ್ಡ ಅಕ್ಷರದ ಫ್ಲೆಕ್ಸ್. ಹಾಲ್‌ನಲ್ಲಿ ಚೋಕ್ ಇರುವ ಹಳೆ ಟ್ಯೂಬ್‌ಲೈಟ್ ಇದ್ದರೆ ಇನ್ನೂ ಕಷ್ಟ. ನಮ್ಮ ಕರೆಂಟಿಗೆ ಆ ಬೆಳಕು ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಶಟರ್ ಅದಕ್ಕಿಂತ ಬೇಗ ಓಡಿಸಿದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ, ಮುಖದ ಬಣ್ಣ ಕೆಡುತ್ತದೆ. ಹಾಗಾಗಿ ಶಟರನ್ನು ಸೆಕೆಂಡಿನ 1/100ರಲ್ಲೇ ನಿಲ್ಲಿಸಬೇಕು, ಕ್ಯಾಮೆರಾ ಬೆಳಕು ಹಿಡಿಯುವ ಅಳತೆ, ಅಂದರೆ ಐಎಸ್‌ಒ, 3200ಕ್ಕೆ ಏರಿಸಬೇಕು, 50 ಎಂಎಂ ಲೆನ್ಸನ್ನು ಪೂರ್ತಿ ತೆರೆದಿಡಬೇಕು. ಫ್ಲ್ಯಾಶ್ ನಾನು ಹಾಕುವುದಿಲ್ಲ. ಕನ್ನಡಕ ಹಾಕಿಕೊಂಡು ಓದುವ ಹಿರಿಯರಿಗೆ ಒಮ್ಮೆ ಫ್ಲ್ಯಾಶ್ ಹೊಡೆದರೆ ಸಾಲು ತಪ್ಪಿಹೋಗುತ್ತದೆ. ಅವರ ಸಾಲಿಗಿಂತ ನನ್ನ ಫೋಟೋ ದೊಡ್ಡದಲ್ಲ.

ಕವಿ ತಲೆ ಎತ್ತುವುದು ಒಂದು ನುಡಿ ಮುಗಿದಾಗ. ಆಗಲೇ ಮುಖ ಸಿಗುವುದು. ನುಡಿ ಎಲ್ಲಿ ಮುಗಿಯುತ್ತದೆ ಅಂತ ತಿಳಿಯಬೇಕಾದರೆ ಕವನ ಕೇಳುತ್ತಿರಬೇಕು. ಸುಮ್ನೆ ಕ್ಲಿಕ್ ಮಾಡುತ್ತಾ ಹೋದರೆ ಬರೀ ನೆತ್ತಿ ಸಿಗುತ್ತದೆ! ಕವನ ಕೇಳುವುದನ್ನು ನನಗೆ ಕಲಿಸಿದ್ದು ಈ ಕೆಲಸ. ಮೊದಲ ಸಾಲಿನ ಮುಂದೆ ನೆಲದಲ್ಲಿ ಕೂತುಕೊಳ್ಳಲು ಬಿಟ್ಟ ಎಲ್ಲ ಕವಿಗಳಿಗೂ, ನನ್ನ ತಲೆ ಅಡ್ಡ ಬಂದರೂ ಬೇಸರ ಮಾಡದ ಕೇಳುಗರಿಗೂ ದೊಡ್ಡ ಧನ್ಯವಾದ. ಇನ್ನೊಬ್ಬರನ್ನು ಮರೆಯುವ ಹಾಗಿಲ್ಲ. ಮುಳ್ಳೇರಿಯ ಕಡೆಯ ಸೌಂಡ್ಸಿನ ಅಣ್ಣ. ಯಾರೂ ಹೇಳದೆ, ಪ್ರತಿ ಕವಿ ಬಂದಾಗಲೂ ಮೈಕ್ ಸ್ಟ್ಯಾಂಡನ್ನು ಎರಡು ಬೆರಳು ತಗ್ಗಿಸಿ, ಸ್ವಲ್ಪ ಓರೆ ಮಾಡಿ ನನ್ನ ಕಡೆ ಒಮ್ಮೆ ನೋಡುತ್ತಾರೆ. ಪ್ರದರ್ಶನದಲ್ಲಿ ನೀವು ಕಂಡ ಆ ನಗುಮುಖಗಳಲ್ಲಿ ಎಷ್ಟೋ ಅವರಿಂದಾಗಿ ಸಿಕ್ಕಿದವು.

ಈಗ ಹೆಸರುಗಳ ವಿಷಯ. ಇದನ್ನು ವಿವರವಾಗಿಯೇ ಹೇಳಬೇಕು.

ಹಳೆಯ ಫೋಟೋಗಳು ಬಂದಾಗ ಹೆಚ್ಚಿನವುಗಳ ಹಿಂದೆ ಏನೂ ಬರೆದಿರಲಿಲ್ಲ. ಸಾಲಾಗಿ ಬಿಳಿ ಶರ್ಟು, ಬಿಳಿ ಮುಂಡು, ಕೈಯಲ್ಲಿ ಕಾಗದ. ಯಾರು ಅಂತ ಹೇಗೆ ಹೇಳುವುದು? ಮಾಷ್ಟ್ರ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿದೆವು. ಮೂರ್ನಾಲ್ಕು ಹಿರಿಯರು, ಒಂದು ಭೂತಗನ್ನಡಿ. ಒಬ್ಬರು ಕೊಡೆಯಿಂದ ಗುರುತು ಹಿಡಿದರು. ಇನ್ನೊಬ್ಬರು ಬಲಗೈಗೆ ಕಟ್ಟಿದ ವಾಚಿನಿಂದ. ಒಬ್ಬ ಅಕ್ಕ ಒಂದು ಮಸುಕಾದ ಚಿತ್ರವನ್ನು ತುಂಬ ಹೊತ್ತು ನೋಡಿದರು. ಅದರಲ್ಲಿ ಮುಖ ಕಾಣುವುದಿಲ್ಲ, ಬೆನ್ನೂ ಕೈಯೂ ಮಾತ್ರ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಿದ್ದಾರೆ. "ಇದು ನಮ್ಮ ಅಪ್ಪ. ಪಂಚಾಂಗವನ್ನೂ ಹೀಗೇ ಹಿಡಿಯುತ್ತಿದ್ದರು" ಅಂದರು. ಜಗಲಿಯಲ್ಲಿ ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಜಾಸ್ತಿ ಹೆಸರು ಕೊಟ್ಟವರು ಗ್ರಂಥಾಲಯದ ಕೆಳಗೆ ಚಾಯದ ಅಂಗಡಿ ಇಟ್ಟಿದ್ದ, ನಾವೆಲ್ಲ ಇಚ್ಚ ಅಂತ ಕರೆಯುವ ಹಿರಿಯರು. ಅವರು ಓದುವುದು ಮಲಯಾಳ ಮಾತ್ರ. ಆದರೆ ಎಷ್ಟೋ ವರ್ಷ ಎಲ್ಲ ಸಭೆಗಳಿಗೂ ಮಾಳಿಗೆಯ ಮೆಟ್ಟಿಲು ಹತ್ತಿ ಚಾಯ ಕೊಂಡುಹೋದವರು ಅವರೇ. ಫೋಟೋ ಹತ್ತಿರ ತಂದು ನೋಡಿ, "ಇವರು ಸಕ್ಕರೆ ಹಾಕದ ಚಾಯ, ಪೆರ್ಲದವರು. ಇವರಿಗೆ ಹಾಲು ಬೇಡ, ನೀರ್ಚಾಲಿನ ಮಾಷ್ಟ್ರು" ಅಂತ ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು. ಊರು ಗೊತ್ತಾದ ಮೇಲೆ ಹೆಸರು ಹುಡುಕುವುದು ಕಷ್ಟ ಆಗಲಿಲ್ಲ. ಪ್ರದರ್ಶನದ ಮೊದಲ ದಿನ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದೆಸಿದೆವು. ಇಚ್ಚಾ, ಆ ಶಾಲು ನಿಮಗೆ ಏನೇನೂ ಸಾಲದು.

ಕಷ್ಟದ ದಿನಗಳ ಬಗ್ಗೆಯೂ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಕಾಸರಗೋಡಿನ ಹೆಸರು ದಿನಾ ಸುದ್ದಿಯಲ್ಲಿತ್ತು. ತಲಪಾಡಿಯಲ್ಲಿ ಕರ್ನಾಟಕದ ಗಡಿ ಬಂದ್ ಆಯಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ್ದ ನಮಗೆ ಅದು ಎಂಥ ಹೊಡೆತ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗಳು ನಿಂತವು. ಸ್ಟುಡಿಯೋದ ಬಾಗಿಲು ಹಾಕಿತು, ಲೆನ್ಸಿಗೆ ಮಾಡಿದ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಆಗ ಕವಿಗಳೆಲ್ಲ ಮಾತಾಡಿಕೊಂಡು, ಒಬ್ಬೊಬ್ಬರೂ ತಮ್ಮದೊಂದು ಚಿತ್ರಕ್ಕೆ ಆರ್ಡರ್ ಕೊಟ್ಟು ದುಡ್ಡು ಮುಂಗಡ ಕಳಿಸಿದರು. "ಪ್ರಿಂಟ್ ಯಾವಾಗ ಬೇಕಾದರೂ ಕೊಡು" ಅಂದರು. ಸಹಾಯ ಅಂತ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಅರ್ಥವಾಗಿತ್ತು. ಅಂಗಡಿಯ ಧಣಿಗಳೂ ಬಾಡಿಗೆ ಕೇಳಲಿಲ್ಲ. ನಿಮ್ಮೆಲ್ಲರ ಋಣ ನನ್ನ ಮೇಲಿದೆ.

2023ರ ಜನವರಿಯಲ್ಲಿ ಒಂದೇ ತಿಂಗಳಲ್ಲಿ ಸಾರಾ ಅಬೂಬಕ್ಕರ್ ಹೋದರು, ಕೆ.ವಿ. ತಿರುಮಲೇಶ್ ಹೋದರು. ಚಂದ್ರಗಿರಿ ಹೊಳೆಯ ಬದಿಯ ಹೆಣ್ಣುಮಕ್ಕಳ ಬಾಳನ್ನು ಕನ್ನಡಕ್ಕೆಲ್ಲ ತೋರಿಸಿದವರು ಒಬ್ಬರು, ಕಾರಡ್ಕದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಕೂತು ಬರೆದವರು ಇನ್ನೊಬ್ಬರು. ಅವರ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ವರ್ಷವೇ ನಮ್ಮ ಹಳ್ಳಿಯ ಒಬ್ಬ ಹಿರಿಯ ಕವಿಯೂ ತೀರಿಕೊಂಡರು. ಪುಸ್ತಕ ಬಂದಿರಲಿಲ್ಲ, ನೋಟ್‌ಬುಕ್‌ಗಳು ಮಾತ್ರ. ಮನೆಯವರ ಹತ್ತಿರ ಇದ್ದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅವರ ಮಗ ಸ್ಟುಡಿಯೋಗೆ ಬಂದು, "ಅಕ್ಕಾ, ಅಪ್ಪ ಓದುತ್ತಿದ್ದ ಫೋಟೋ ನಿಮ್ಮಲ್ಲಿ ಇರಬಹುದಾ?" ಅಂತ ಕೇಳಿದರು. ಇತ್ತು. ತಲೆ ಎತ್ತಿ, ಎಡಗೈ ಮುಂದೆ ಚಾಚಿ ನಗುತ್ತಿರುವ ಚಿತ್ರ. ಇವತ್ತು ಅವರ ಮನೆಯ ಚಾವಡಿಯಲ್ಲಿ ಇರುವುದು ಅದೇ. ಪ್ರದರ್ಶನ ಮಾಡಲೇಬೇಕು ಅಂತ ನಿರ್ಧಾರ ಮಾಡಿದ್ದು ಅವತ್ತು.

ಇನ್ನು ಉಳಿದವರು. ಹಾಲ್ ಬಿಟ್ಟುಕೊಟ್ಟ ಹೆಡ್ಮಾಷ್ಟ್ರು, ಎರಡು ದಿನವೂ ರಾತ್ರಿ ಬೀಗ ಹಾಕಲು ಕಾದ ಪ್ಯೂನ್ ಅಣ್ಣ. ಬಣ್ಣ ಸರಿ ಬರುವವರೆಗೆ ಮತ್ತೆ ಮತ್ತೆ ಟೆಸ್ಟ್ ಪ್ರಿಂಟ್ ತೆಗೆದುಕೊಟ್ಟ ಕಾಸರಗೋಡಿನ ಲ್ಯಾಬಿನ ಹುಡುಗರು. ಹಗ್ಗ ಕಟ್ಟಿ, ಸನ್‌ಬೋರ್ಡ್ ನೇತುಹಾಕಿ, ಹೆಸರಿನ ಚೀಟಿಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದ ಕಾಲೇಜಿನ ಮಕ್ಕಳು. ಮಕ್ಕಳೇ, ಕನ್ನಡದಲ್ಲೂ ಮಲಯಾಳದಲ್ಲೂ ಬರೆಯೋಣ ಅಂತ ಹೇಳಿದ್ದು ನೀವು, ಅದು ತುಂಬ ಒಳ್ಳೆಯದಾಯಿತು. ಭಾನುವಾರವೂ ನಾನು ಮನೆಯಲ್ಲಿ ಇಲ್ಲದಿದ್ದರೆ ಅಡಿಗೆ ಮಾಡಿಟ್ಟು ಕಾದ ಅತ್ತೆಯವರಿಗೆ ಇಲ್ಲಿ ಬರೆದು ಮುಗಿಯುವುದಿಲ್ಲ.

ಗೋಡೆಯಿಂದ ಇಳಿಸಿದ ಚಿತ್ರಗಳು ಆಯಾ ಮನೆಗೇ ಸೇರಬೇಕು. ಕವಿಗಳು, ಇಲ್ಲವೇ ಮನೆಯವರು ಸ್ಟುಡಿಯೋಗೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಬರಲು ಆಗದಿದ್ದರೆ ಮುಂದಿನ ಗೋಷ್ಠಿಗೆ ನಾನೇ ತರುತ್ತೇನೆ. ಮೂರು ಹಳೆಯ ಚಿತ್ರಗಳಿಗೆ ಇನ್ನೂ ಹೆಸರು ಸಿಕ್ಕಿಲ್ಲ. ಒಂದರಲ್ಲಿ ದಪ್ಪ ಚೌಕಟ್ಟಿನ ಕನ್ನಡಕದ ಹೆಂಗಸು, ಹಿಂದೆ ಗೋಡೆಯ ಮೇಲೆ ಗಾಂಧೀಜಿಯ ಪಟ. ಇನ್ನೊಂದರಲ್ಲಿ ಹಾರ್ಮೋನಿಯಂ ಪಕ್ಕ ನಿಂತು ಓದುವ ತೆಳ್ಳಗಿನ ಹುಡುಗ. ಮೂರನೆಯದರಲ್ಲಿ ಊರುಗೋಲು ಹಿಡಿದ ಹಿರಿಯರು, ಹೆಗಲಲ್ಲಿ ಕೆಂಪು ಅಂಚಿನ ಬೈರಾಸು. ಮೂರನ್ನೂ ಸ್ಟುಡಿಯೋದ ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಬದಿಯಡ್ಕ ಪೇಟೆಗೆ ಬಂದಾಗ ಒಮ್ಮೆ ಒಳಗೆ ಬಂದು ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ.