ನಕ್ಷೆಯಲ್ಲಿ ಗೋಡೆಗಳ ಗುರುತು: ಒಂದೊಂದಾಗಿ ಟೈಪ್ ಮಾಡುವುದು ಇನ್ನು ಬೇಡ

ಮಾನ್ಯ ಸಂಪಾದಕರೇ,

ಕಟ್ಟಡದ ನಕ್ಷೆಯಲ್ಲಿ ಪ್ರತಿ ಗೋಡೆಯ ಪಕ್ಕ ಅದರ ದಪ್ಪ ಹಾಗೂ ಬಗೆಯನ್ನು ಒಂದೊಂದಾಗಿ ಟೈಪ್ ಮಾಡುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಇಟ್ಟಿಗೆ ಕಟ್ಟಡದಲ್ಲಿ ಹೊರಗೋಡೆ 230 ಮಿ.ಮೀ., ಒಳಗಿನ ಅಡ್ಡಗೋಡೆ 115 ಮಿ.ಮೀ. ಎಂಬುದು ಸಾಮಾನ್ಯ ಲೆಕ್ಕ. ನಾನು ನಕ್ಷೆ ಬರೆದ ಒಂದು ಮನೆಯಲ್ಲಿ, ಗೋಡೆಯ ದಪ್ಪ ಬದಲಾದ ಮೇಲೂ ಹಳೆಯ ಬರಹ ಹಾಗೆಯೇ ಉಳಿದಿದ್ದರಿಂದ ಮೇಸ್ತ್ರಿ ಬಚ್ಚಲಿನ ಅಡ್ಡಗೋಡೆಯನ್ನು ಎರಡರಷ್ಟು ದಪ್ಪಕ್ಕೆ ಕಟ್ಟಿದರು. ಬಾಗಿಲಿಗೆ ಜಾಗ ಸಾಲದೆ ಅದನ್ನು ಒಡೆಸಬೇಕಾಯಿತು.

ರೆವಿಟ್‌ನಂತಹ ಕಟ್ಟಡ ವಿನ್ಯಾಸದ ತಂತ್ರಾಂಶದಲ್ಲಿ ಗುರುತು (ಗೋಡೆಯ ಪಕ್ಕದ ಬರಹ) ಗೋಡೆಯ ಮಾಹಿತಿಯನ್ನೇ ಓದಿ ತೋರಿಸುವುದರಿಂದ, ಗೋಡೆಯ ಬಗೆ ಬದಲಾದರೆ ಅದೂ ತಾನಾಗಿ ಬದಲಾಗುತ್ತದೆ. ಒಂದು ಮಹಡಿಯ ಗೋಡೆಗಳಿಗೆಲ್ಲ ಒಮ್ಮೆಗೇ ಗುರುತು ಹಾಕಬಹುದು. ರೆವಿಟ್ ಕೆಲಸಗಳನ್ನು ತಾನಾಗಿ ನಡೆಸುವ ಡೈನಮೊ ಎಂಬ ಸಾಧನ ಬಳಸಿದರೆ ಹಲವು ಮಹಡಿಗಳಿಗೂ ಸಾಧ್ಯ. ಗುರುತುಗಳು ಒಂದರ ಮೇಲೊಂದು ಬೀಳುವುದುಂಟು, ಆ ಬಗೆಯ ಗೋಡೆಗೆ ಸಂಕೇತ (ಅದನ್ನು ಗುರುತಿಸುವ ಚಿಕ್ಕ ಹೆಸರು) ತುಂಬದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಕಾಣಿಸುವುದೂ ಉಂಟು. ತಪ್ಪು ಅಂಕಿಗಿಂತ ಆ ಚಿಹ್ನೆಯೇ ಮೇಲು ಎಂದು ನನ್ನ ಭಾವನೆ.

ಆದ್ದರಿಂದ ಪಾಲಿಟೆಕ್ನಿಕ್‌ಗಳು ತಂತ್ರಾಂಶದ ಕಮಾಂಡ್‌ಗಳನ್ನಷ್ಟೇ ಅಲ್ಲದೆ, ಗೋಡೆಗಳಿಗೆ ಶಿಸ್ತಾಗಿ ಸಂಕೇತ ಕೊಡುವ ಕ್ರಮವನ್ನೂ, ಮುದ್ರಿಸುವ ಮುನ್ನ ಹಾಳೆಯನ್ನು ಕಣ್ಣಾರೆ ಪರಿಶೀಲಿಸುವ ಅಭ್ಯಾಸವನ್ನೂ ಕಲಿಸಬೇಕೆಂದು ಕೋರುತ್ತೇನೆ.

– ಒಬ್ಬ ಡ್ರಾಫ್ಟ್ಸ್‌ಮನ್, ದಾವಣಗೆರೆ